ಟ್ರ್ಯಾಕ್‌ನಲ್ಲಿ ಕೈಕೊಡುತ್ತಿದ್ದ ಆಟೋಮ್ಯಾಟಿಕ್ ಗೇರ್‌ಬಾಕ್ಸ್

ವಾರವಿಡೀ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವ ನನ್ನ ಕಾರು ಆಗೀಗ ವೀಕೆಂಡ್‌ನಲ್ಲಿ ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಹೋಗುತ್ತದೆ. 6 ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಅಂದರೆ ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಬಗೆ. ಒಂದು ಸಲ ನಾಲ್ಕನೇ ಸುತ್ತಿಗೇ ಎಚ್ಚರಿಕೆ ದೀಪ ಹೊತ್ತಿಕೊಂಡಿತು, ಗೇರ್ ಮೂರರಲ್ಲೇ ಕೂತುಬಿಟ್ಟಿತು. ಸ್ಕ್ಯಾನರ್ ಹಾಕಿದರೆ ಗೇರ್‌ಬಾಕ್ಸ್ ಆಯಿಲ್ 131 ಡಿಗ್ರಿ!

ಆಯಿಲ್ ಇಳಿಸಿದೆವು. ಡಿಕಾಕ್ಷನ್ ಬಣ್ಣ, ಸೀದ ವಾಸನೆ. ಪ್ಯಾನ್‌ನ ಅಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಹುಡಿ ಮೆತ್ತಿತ್ತು, ಲೋಹದ ಚೂರು ಇರಲಿಲ್ಲ. ಸದ್ಯ, ಬಚಾವ್.

ಮೆಕ್ಯಾನಿಕ್ ಹೈ ಸ್ಟಾಲ್ ಕನ್ವರ್ಟರ್ (ಎಂಜಿನ್ ಜೋರಾಗಿ ತಿರುಗಿದ ಮೇಲೆಯೇ ಸರಿಯಾಗಿ ಹಿಡಿಯುವಂಥದ್ದು) ಹಾಕೋಣ ಎಂದರು. ನಾನು ಒಪ್ಪಲಿಲ್ಲ. ಅದು ಜಾಸ್ತಿ ಸ್ಲಿಪ್ ಆಗುತ್ತದೆ. ಟ್ರಾಫಿಕ್‌ನಲ್ಲಿ ಆ ಸ್ಲಿಪ್ಪೆಲ್ಲ ಬಿಸಿಯೇ ಅಲ್ವಾ? ಬದಲಿಗೆ ಎಸಿ ಕಂಡೆನ್ಸರ್ ಮುಂದೆ ಇನ್ನೊಂದು ಆಯಿಲ್ ಕೂಲರ್ ಕೂರಿಸಿದೆವು, ಕಂಪನಿ ಕೂಲರ್ ದಾಟಿ ಬಂದ ಆಯಿಲ್ ಇದರೊಳಗೆ ಹೋಗುವಂತೆ. ಒಂದೇ ಸಲಕ್ಕೆ ಹಳೇ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಕನ್ವರ್ಟರ್‌ನೊಳಗೆ ಉಳಿದುಬಿಡುತ್ತದೆ. ಹಾಗಾಗಿ 500 ಕಿ.ಮೀ. ಬಿಟ್ಟು ಬಿಟ್ಟು ಮೂರು ಸಲ ಬದಲಿಸಿದೆ. ಲೆವೆಲ್ ನೋಡಿದ್ದು ಎಂಜಿನ್ ಓಡುತ್ತಿರುವಾಗಲೇ, ಮ್ಯಾನುಯಲ್ ಹೇಳಿದಷ್ಟು ಬಿಸಿಯಲ್ಲಿ.

ಹೋದ ತಿಂಗಳು ಆರು ಸುತ್ತು ಹೊಡೆದೆ. ಆಯಿಲ್ 104 ಡಿಗ್ರಿ ದಾಟಲಿಲ್ಲ. ಒಂದೇ ಕಿರಿಕಿರಿ: ಬೆಳಗ್ಗೆ ಆಯಿಲ್ ಬಿಸಿಯಾಗಲು ತಡವಾಗುತ್ತದೆ, ಮೊದಲ ಎರಡು ಕಿಲೋಮೀಟರ್ ಗೇರ್ ಜರ್ಕ್ ಹೊಡೆಯುತ್ತದೆ. ಅದಕ್ಕೊಂದು ಥರ್ಮೋಸ್ಟಾಟ್ ವಾಲ್ವ್ (ಆಯಿಲ್ ಬಿಸಿಯಾಗುವವರೆಗೆ ಅದನ್ನು ಕೂಲರ್‌ಗೆ ಹೋಗಲು ಬಿಡದ ವಾಲ್ವ್) ತರಿಸಿದ್ದೇನೆ.