ನಿಂತ ಬಸ್ಸಿನಲ್ಲೇ ಸಿಂಧನೂರಿನಿಂದ ಹೊಸಪೇಟೆಗೆ

ನಿಂತ ಬಸ್ಸಲ್ಲಿ ಪ್ರಯಾಣದ ಸಿನಿಮಾ ತೆಗೆಯೋಕೆ ಆಗಲ್ಲ ಅಂತ ಗಂಗಾವತಿಯ ಗೆಳೆಯರೆಲ್ಲ ಹೇಳಿದ್ದರು. ಆಯಿತು. ಇಪ್ಪತ್ತೆರಡು ನಿಮಿಷದ ಕಿರುಚಿತ್ರ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಥೆ ಗುಳೆ ಹೋಗುವವರದು. ಸಿಂಧನೂರಿನ ರಾತ್ರಿ ಬಸ್ಸು. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದಾರೆ. ಜೊತೆಗೆ ಹತ್ತನೇ ಕ್ಲಾಸಿನ ಮಗಳು, ಪರೀಕ್ಷೆಗೆ ಮೂರು ತಿಂಗಳಿದೆ. ಮೊದಲು ಬರೆದಾಗ ಅವಳು ಇಳಿದು ಊರಿಗೆ ವಾಪಸ್ ಹೋಗಲೋ ಬೇಡವೋ ಅಂತ ಚಿತ್ರದುರ್ಗದವರೆಗೂ ಯೋಚಿಸುತ್ತಲೇ ಇದ್ದಳು. ಕಥೆ ಬಿಗಿಯಾಗಲಿಲ್ಲ. ಆಮೇಲೆ ಹೊಳೆ ಹಿಡಿದೆ. ಮುನಿರಾಬಾದ್ ಹತ್ತಿರ ತುಂಗಭದ್ರೆ ದಾಟುವುದರೊಳಗೆ ಇಳಿಯಬೇಕು, ಇಲ್ಲಾಂದ್ರೆ ಇಲ್ಲ. ಹುಳಿಗಿ ಬಂದಾಗ ಅವ್ವ ಕತ್ತಲಲ್ಲೇ ಹುಲಿಗೆಮ್ಮನಿಗೆ ಕೈ ಮುಗಿಯುತ್ತಾಳೆ. ಮಗಳು ಮುಗಿಯುವುದಿಲ್ಲ. ಇಡೀ ಸಿನಿಮಾ ಆ ಒಂದು ಶಾಟಿನಲ್ಲಿದೆ.

ಮೊದಲ ಸಲ ಓಡುವ ಬಸ್ಸಲ್ಲೇ ತೆಗೆದೆ. ಬಾಡಿಗೆ, ಡೀಸೆಲ್, ಊಟ ಸೇರಿ ಎರಡು ರಾತ್ರಿಗೆ ನಲವತ್ತು ಸಾವಿರದ ಮೇಲೆ ಹೋಯಿತು. ಒಂದು ಟೇಕ್ ಕೆಟ್ಟರೆ ಬಸ್ಸು ತಿರುಗಿಸಿಕೊಂಡು ಮತ್ತೆ ಕಾರಟಗಿ ದಾರಿಗೆ ಬರಬೇಕು. ಎಂಜಿನ್ ಸದ್ದಿನಲ್ಲಿ ಹುಡುಗಿಯ ಮಾತು ಒಂದೂ ಕೇಳಲಿಲ್ಲ. ಎಲ್ಲಾ ಬಿಸಾಕಿದೆ. ಮನೆಯಲ್ಲಿ ಹದಿನೈದು ದಿನ ದುಡ್ಡಿನ ಮಾತೇ ಆಡಲಿಲ್ಲ.

ಆಮೇಲೆ ನೆನಪಾಗಿದ್ದು ಸತ್ಯಜಿತ್ ರೇ ಅವರ 1966ರ 'ನಾಯಕ್'. ಕಥೆ ಹೆಚ್ಚಾಗಿ ರೈಲಿನಲ್ಲೇ ನಡೆಯುತ್ತೆ, ಆದರೆ ಆ ಬೋಗಿ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ನಮಗೇನು ಕಡಿಮೆ? ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಹಳೇ ಶಾಲಾ ಬಸ್ಸು ನಿಂತಿತ್ತು. ರಾತ್ರಿಗೆ ಎರಡೂವರೆ ಸಾವಿರಕ್ಕೆ ಒಪ್ಪಿದರು. ಸುತ್ತ ಭತ್ತದ ತಾಡಪತ್ರಿ ಕಟ್ಟಿದೆವು. ಒಂದು ಬದಿಯ ಟೈರಿನ ಗಾಳಿ ಸ್ವಲ್ಪ ಇಳಿಸಿ, ಸರ್ವೆ ಬೊಂಬಿನಿಂದ ನಾಲ್ಕು ಹುಡುಗರು ಮೀಟಿದರು. ಬರೀ ಬಸ್ಸು ಅಲುಗಾಡಿದರೆ ಸಾಲದು, ಒಳಗಿನವರ ಮೈ ಒಟ್ಟಿಗೆ ಅಲುಗಬೇಕು. ಅದಕ್ಕೆ ರಸ್ತೆಯಲ್ಲಿ ಗುಂಡಿ ಬಂದ ಹಾಗೆ ಒಬ್ಬ "ತಗ್ಗು!" ಅಂತ ಕೂಗುತ್ತಿದ್ದ, ಎಲ್ಲರೂ ಒಂದೇ ಸಲ ಎಗರುತ್ತಿದ್ದರು. ಎದುರು ಬರುವ ಲಾರಿ ಅಂದರೆ ತಳ್ಳುಗಾಡಿಗೆ ಕಟ್ಟಿದ ಎರಡು ಎಲ್‌ಇಡಿ. ಬೀದಿದೀಪ ಮುಖದ ಮೇಲೆ ಹಾದುಹೋಗೋದು ಹೇಗೆ ಅನ್ನೋದನ್ನು ಮಾತ್ರ ಹೇಳಲ್ಲ. ಅದಕ್ಕೆ ಮೂರು ರಾತ್ರಿ ಕಳೆದಿದ್ದೇನೆ. ಗಿರಣಿಯ ದೀಪ ಮಿಣುಕುವುದು ಕಂಡಿತು, ಕ್ಯಾಮೆರಾದ ಶಟರ್ ಸೆಕೆಂಡಿನ 1/50ಕ್ಕೆ ಇಟ್ಟ ಮೇಲೆ ನಿಂತಿತು.

ಮಾತೆಲ್ಲ ನಿಶ್ಶಬ್ದದಲ್ಲಿ ರೆಕಾರ್ಡ್ ಮಾಡಿದೆವು. ಬಸ್ಸಿನ ಸದ್ದು ಬೇರೆ. ಅದಕ್ಕೆ ನಾನೇ ಟಿಕೆಟ್ ತೆಗೆದುಕೊಂಡು ಹಿಂದಿನ ಸೀಟಲ್ಲಿ ರೆಕಾರ್ಡರ್ ಹಿಡಿದು ಗಂಗಾವತಿಗೆ ಎರಡು ಸಲ ಹೋಗಿಬಂದೆ. ಗೇರು ಬದಲಾಗುವ ಸದ್ದು ಇದ್ದರೆ ಕಣ್ಣು ಎಲ್ಲವನ್ನೂ ನಂಬುತ್ತದೆ.

ಮಧ್ಯೆ ಮಳೆ ತರೋಕೆ ಹೋದೆ. ಗದ್ದೆಗೆ ಎಣ್ಣೆ ಹೊಡೆಯುವ ಪಂಪಿನಿಂದ ಗಾಜಿಗೆ ನೀರು ಬಿಟ್ಟರೆ ಹನಿ ನೆಟ್ಟಗೆ ಇಳಿಯಿತು. ಓಡುವ ಬಸ್ಸಲ್ಲಿ ಹಿಂದಕ್ಕೆ ಓರೆಯಾಗಿ ಹರಿಯುತ್ತೆ ಅಲ್ವಾ? ಟೇಬಲ್ ಫ್ಯಾನ್ ಇಟ್ಟೆ, ಸರಿಯಾಯಿತು. ತುಂಬಾ ಚೆನ್ನಾಗಿ ಬಂದಿತ್ತು. ಆದರೆ ಪರೀಕ್ಷೆಗೆ ಮೂರು ತಿಂಗಳು ಅಂದರೆ ಚಳಿಗಾಲ, ನಮ್ಮ ಕಡೆ ಎಲ್ಲಿಯ ಮಳೆ? ತೆಗೆದುಹಾಕಿದೆ. ಇನ್ನೊಂದು ಕಥೆಗೆ ಬೇಕಾಗುತ್ತೆ.

ನಾಲ್ಕು ರಾತ್ರಿ, ಎಲ್ಲಾ ಸೇರಿ ಮೂವತ್ತು ಸಾವಿರದ ಆಸುಪಾಸು. ಗಂಗಾವತಿಯಲ್ಲಿ ತೋರಿಸಿದಾಗ, ಮೊದಲ ಸಲ ನಮ್ಮ ಬಸ್ಸು ಓಡಿಸಿದ್ದ ಡ್ರೈವರ್ ಬಂದಿದ್ದರು. ಮುಗಿದ ಮೇಲೆ ಕೇಳಿದರು, "ಇದು ಕಾರಟಗಿ ರೋಡ್ ಹೌದಲ್ರಿ? ಯಾವ ಗಾಡಿಯೊಳಗ ತೆಗದ್ರಿ?"

ಮುಂದಿನದು ರೈಲು. ಬರ್ತಿಗೆ ಕಬ್ಬಿಣದ ಚೌಕಟ್ಟು ವೆಲ್ಡಿಂಗ್‌ಗೆ ಕೊಟ್ಟಾಗಿದೆ.