ಆರ್‌ಜಿಎಸ್ ಜಿ ಪ್ರೋಟೀನನ್ನು ಯಾವಾಗ ಹಿಡಿಯುತ್ತದೆ: ನಾನು ಮಾಡಿ ನೋಡಿದ್ದು

ಜೀವಕೋಶದಲ್ಲಿ ಸಂಕೇತ ದಾಟಿಸುವ ಸ್ವಿಚ್ ಜಿ ಪ್ರೋಟೀನ್. ಅದು ಜಿಟಿಪಿ ಎಂಬ ಸಣ್ಣ ಅಣುವನ್ನು ಹಿಡಿದಿದ್ದರೆ ಆನ್, ಅದನ್ನು ಒಡೆದು ಜಿಡಿಪಿ ಮಾಡಿಕೊಂಡರೆ ಆಫ್. ತಾನಾಗಿ ಆಫ್ ಆಗುವುದು ನಿಧಾನ. ಆರ್‌ಜಿಎಸ್ ಪ್ರೋಟೀನ್ ಬಂದರೆ ಬೇಗ ಆಗುತ್ತದೆ. ಆದರೆ ಅದು ಯಾವ ಹಂತದಲ್ಲಿ ಬಂದು ಹಿಡಿಯುತ್ತದೆ? ಪುಲ್‌ಡೌನ್ (ಒಂದು ಪ್ರೋಟೀನನ್ನು ಬೀಡ್ಸ್ ಅಂದರೆ ಪುಟ್ಟ ಮಣಿಗಳ ಮೇಲೆ ಕೂರಿಸಿ, ಅದಕ್ಕೆ ಇನ್ನೊಂದು ಅಂಟುತ್ತದಾ ನೋಡುವುದು) ಮಾಡಿದರೆ ಇದನ್ನು ಕಣ್ಣಾರೆ ನೋಡಬಹುದು.

ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಜಿ-ಆಲ್ಫಾ-ಐ1 (ಜಿ ಪ್ರೋಟೀನಿನಲ್ಲಿ ಜಿಟಿಪಿ ಹಿಡಿಯುವ ಭಾಗ) ತೆಗೆದುಕೊಂಡೆ. ಜಿಎಸ್‌ಟಿ ಅಂಟಿಸಿದ (ತೆರಿಗೆಯದ್ದಲ್ಲ, ಗ್ಲುಟಾಥಯೋನ್‌ಗೆ ಅಂಟುವ ಪ್ರೋಟೀನ್!) ಆರ್‌ಜಿಎಸ್4 ಅನ್ನು ಗ್ಲುಟಾಥಯೋನ್ ಬೀಡ್ಸ್ ಮೇಲೆ ಕೂರಿಸಿದೆ. ಟ್ಯೂಬ್ ಮೂರು. ಒಂದರಲ್ಲಿ ಬರೀ ಜಿಡಿಪಿ. ಇನ್ನೊಂದರಲ್ಲಿ ಒಡೆಯಲಾಗದ ಜಿಟಿಪಿ-ಗಾಮಾ-ಎಸ್. ಮೂರನೆಯದರಲ್ಲಿ ಜಿಡಿಪಿ ಜೊತೆಗೆ ಅಲ್ಯುಮಿನಿಯಂ ಫ್ಲೋರೈಡ್. ಮೆಗ್ನೀಸಿಯಂ ಮಾತ್ರ ಎಲ್ಲದರಲ್ಲೂ ಇರಬೇಕು.

ಮಜಾ ಇರುವುದು ಈ ಮೂರನೆಯದರಲ್ಲೇ. ಜಿಟಿಪಿಯ ಕೊನೆಯ ಫಾಸ್ಫೇಟ್ ಕಳಚಿಕೊಳ್ಳುತ್ತಿರುವಾಗ ಇರುವ ಜಾಗದಲ್ಲೇ ಅಲ್ಯುಮಿನಿಯಂ ಫ್ಲೋರೈಡ್ ಹೋಗಿ ಕೂರುತ್ತದೆ. ಅಂದರೆ ಒಡೆಯುವ ಕೆಲಸ ಅರ್ಧದಲ್ಲೇ ನಿಂತ ಹಾಗೆ. ಅಲ್ಯುಮಿನಿಯಂ ಕ್ಲೋರೈಡ್ 30 ಮೈಕ್ರೋಮೋಲಾರ್, ಸೋಡಿಯಂ ಫ್ಲೋರೈಡ್ 10 ಮಿಲಿಮೋಲಾರ್ ಸಾಕು. ತೊಳೆಯುವ ಬಫರ್‌ನಲ್ಲೂ ಇದನ್ನೇ ಹಾಕುತ್ತೇನೆ, ಇಲ್ಲದಿದ್ದರೆ ಹಿಡಿತ ಸಡಿಲವಾಗುತ್ತದೆ. ಎಲ್ಲಾ ಪ್ಲಾಸ್ಟಿಕ್ ಟ್ಯೂಬ್‌ನಲ್ಲೇ. ಗಾಜಿನಿಂದಲೂ ಅಲ್ಯುಮಿನಿಯಂ ಬಿಡುತ್ತದೆ. ಫ್ಲೋರೈಡ್ ಜಿ ಪ್ರೋಟೀನನ್ನು ಆನ್ ಮಾಡಲು ಅಲ್ಯುಮಿನಿಯಂ ಬೇಕು ಎಂದು 1982ರಲ್ಲಿ ಸ್ಟರ್ನ್‌ವೈಸ್ ಮತ್ತು ಗಿಲ್ಮನ್ ಕಂಡುಕೊಂಡಾಗ, ಅದು ಬರುತ್ತಿದ್ದ ಮೂಲಗಳಲ್ಲಿ ಗಾಜಿನ ಟ್ಯೂಬೂ ಒಂದು!

ತೊಳೆದ ಮೇಲೆ ಬೀಡ್ಸ್‌ನಲ್ಲಿ ಉಳಿದ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ ಓಡಿಸುತ್ತೇನೆ. ಅಲ್ಲಿ ಒಂದು ತೊಡಕಿದೆ. ಆರ್‌ಜಿಎಸ್4ನಲ್ಲಿ ಜಿ-ಆಲ್ಫಾವನ್ನು ಹಿಡಿಯುವ ಭಾಗಕ್ಕೆ (ಆರ್‌ಜಿಎಸ್ ಡೊಮೇನ್) ಮಾತ್ರ ಜಿಎಸ್‌ಟಿ ಸೇರಿಸಿದರೆ ಸುಮಾರು 41 ಕಿಲೋಡಾಲ್ಟನ್. ಜಿ-ಆಲ್ಫಾ 40. ಎರಡೂ ಒಂದೇ ಬ್ಯಾಂಡ್ ಥರ ಕಾಣುತ್ತವೆ. ಅದಕ್ಕೇ ಇಡೀ ಆರ್‌ಜಿಎಸ್4 ಬಳಸಿದ್ದು. ಅದು 50ರ ಹತ್ತಿರ ಹೋಗಿ ನಿಲ್ಲುತ್ತದೆ.

ಜಿಡಿಪಿ ಲೇನ್‌ನಲ್ಲಿ ಜಿ-ಆಲ್ಫಾ ಇಲ್ಲವೇ ಇಲ್ಲ ಅನ್ನಬಹುದು. ಜಿಟಿಪಿ-ಗಾಮಾ-ಎಸ್‌ನಲ್ಲಿ ಮಸುಕು. ಫ್ಲೋರೈಡ್ ಲೇನ್‌ನಲ್ಲಿ ದಪ್ಪ ಬ್ಯಾಂಡ್. ಆರ್‌ಜಿಎಸ್‌ಗೆ ಇಷ್ಟ ಆನ್ ಸ್ಥಿತಿಯೂ ಅಲ್ಲ, ಆಫ್ ಸ್ಥಿತಿಯೂ ಅಲ್ಲ, ನಡುವಿನದ್ದು. ಆರ್‌ಜಿಎಸ್4, ಜಿ-ಆಲ್ಫಾ ಎರಡೂ ಅಂಟಿಕೊಂಡಾಗಿನ ಅಣು ರಚನೆ 1997ರಲ್ಲೇ ಬಂದಿದೆ. ಅದರಲ್ಲಿ ನೋಡಿದರೆ ಆರ್‌ಜಿಎಸ್4 ತಾನೇ ಏನೂ ಕತ್ತರಿಸುವುದಿಲ್ಲ. ಜಿ-ಆಲ್ಫಾದ ಅಲುಗಾಡುವ ಸ್ವಿಚ್ ಭಾಗಗಳನ್ನು ಅಲುಗದಂತೆ ಹಿಡಿಯುತ್ತದೆ, ಅಷ್ಟೇ.

ಸುಮ್ನೆ ಬೀಡ್ಸ್‌ಗೆ ಅಂಟಿಕೊಂಡಿದ್ದಲ್ವಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬರೀ ಜಿಎಸ್‌ಟಿ ಇರುವ ಬೀಡ್ಸ್ ಒಂದು ಕಂಟ್ರೋಲ್. ಅದಕ್ಕಿಂತ ನನಗೆ ಜಾಸ್ತಿ ನಂಬಿಕೆ 183ನೇ ಗ್ಲೈಸಿನ್ ಬದಲು ಸೆರಿನ್ ಇರುವ ಜಿ-ಆಲ್ಫಾ-ಐ1 ಮೇಲೆ. ಅದು ಜಿಟಿಪಿಯನ್ನು ತಾನಾಗಿ ಒಡೆಯುತ್ತದೆ, ಆದರೆ ಆರ್‌ಜಿಎಸ್ ಕೈಗೆ ಸಿಗುವುದಿಲ್ಲ.