ಕೊಂಬೆಗಂಟಿದ ಹುರುಪೆಗೆ ಜೀವವಿದೆ: ಶಲ್ಕ ಕೀಟ ಬಿಡಿಸುವ ಬಗೆ

ದಾಸವಾಳದ ಎಲೆಗೆ ಮಸಿ ಬಳಿದಂತಾದರೆ ಹೆಚ್ಚಿನವರು ಶಿಲೀಂಧ್ರನಾಶಕ ತಂದು ಹೊಡೆಯುತ್ತಾರೆ. ದುಡ್ಡು ದಂಡ. ಚಿಪ್ಪಿನಡಿ ಅಡಗಿ ಗಿಡಕ್ಕೆ ಅಂಟಿ ಕೂರುವ ಶಲ್ಕ ಕೀಟ (ಸ್ಕೇಲ್ ಇನ್ಸೆಕ್ಟ್) ರಸ ಹೀರಿ ಹೊರಬಿಡುವ ಸಿಹಿ ಅಂಟಿನ ಮೇಲೆ ಬೆಳೆಯುವ ಬೂಷ್ಟು ಅದು. ಕೀಟ ಹೋಗದೆ ಮಸಿ ಹೋಗದು.

ಎಲೆಯ ಹಿಂಬದಿಯ ನಡುನರ, ಕೊಂಬೆಯ ಕವಲು ನೋಡಿ. ಕಂದು ಚಿಪ್ಪುಗಳನ್ನು ಉಗುರಿನಿಂದ ಮೀಟಿದರೆ ಎದ್ದು ಬರುತ್ತವೆ. ಇರುವೆ ಸಾಲೂ ಒಂದು ಸುಳಿವು. ಆದರೆ ಗುಲಾಬಿ ಕಾಂಡಕ್ಕೆ ಸುಣ್ಣ ಬಳಿದಂತೆ ಕೂರುವ ಗಟ್ಟಿ ಚಿಪ್ಪಿನ ಜಾತಿ ಈ ಸಿಹಿ ಅಂಟನ್ನು ಹೊರಬಿಡುವುದಿಲ್ಲ. ಇರುವೆ ಇಲ್ಲವೆಂದು ನಿಶ್ಚಿಂತರಾಗಬೇಡಿ.

ತೀರಾ ಮುತ್ತಿದ ಟೊಂಗೆ ಕತ್ತರಿಸಿ ಸುಟ್ಟುಬಿಡಿ. ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಉಜ್ಜದೆ ಸಿಂಪಡಿಸಿದರೆ ಮದ್ದು ಚಿಪ್ಪಿನ ಮೇಲೇ ಜಾರಿಹೋಗುತ್ತದೆ. ಒಳಗಿನ ತಾಯಿ, ಮೊಟ್ಟೆ ಎರಡೂ ಕ್ಷೇಮ.

ಎಲ್ಲರೂ ಎಡವುವುದು ಬೇವಿನೆಣ್ಣೆ ಬೆರೆಸುವಲ್ಲಿ. ಬಕೆಟ್ ನೀರಿಗೆ ಎಣ್ಣೆ ಸುರಿದರೆ ತೇಲುತ್ತದೆ. ಒಂದು ಎಲೆಗೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ, ಬಿಸಿಲಿಗೆ ಅದು ಸುಟ್ಟು ಕರಕಲು. ಒಂದು ಲೀಟರಿನ ಲೆಕ್ಕ ಹೇಳುತ್ತೇನೆ. ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಚಮಚ ಸೋಪಿನ ತುರಿ ಪೂರ್ತಿ ಕರಗಿಸಿ. 5 ಮಿಲೀ ಬೇವಿನೆಣ್ಣೆಯನ್ನು ಹನಿಹನಿಯಾಗಿ ಬಿಡುತ್ತಾ ಕಡೆಯಿರಿ. ಹಾಲಿನಂತೆ ಬೆಳ್ಳಗಾದ ಮೇಲಷ್ಟೇ ಮಿಕ್ಕ ನೀರು ಸೇರಿಸಿ. ಮೇಲೆ ಎಣ್ಣೆಯ ಬಳೆ ಕಂಡರೆ ಸಿಂಪಡಿಸಬೇಡಿ, ಮತ್ತೆ ಕಡೆಯಿರಿ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಚಿಗುರು ಸುಡುತ್ತದೆ. ಪರಿಮಳ ಬೆರೆಸಿದ ದೀಪದೆಣ್ಣೆಯನ್ನೂ ಮುಟ್ಟಬೇಡಿ. ಗಾಣದ ಕಹಿ ವಾಸನೆಯ ಎಣ್ಣೆಯೇ ಆಗಬೇಕು. ಬೆರೆಸಿದ್ದನ್ನು ಅಂದೇ ಮುಗಿಸಿ.

ಸಂಜೆ ಹೊತ್ತು ಎಲೆಯ ಹಿಂಬದಿ ತೊಯ್ಯುವಂತೆ ಹೊಡೆಯಿರಿ. ಒಂದೇ ಸಲಕ್ಕೆ ಕೈಬಿಡಬೇಡಿ: ಮೊಟ್ಟೆಯೊಡೆದ ಮರಿಗಳು ಚಿಪ್ಪು ಕಟ್ಟಿಕೊಳ್ಳುವ ಮುನ್ನ ಕೆಲ ದಿನ ಹರಿದಾಡುತ್ತವೆ, ಸುಲಭವಾಗಿ ಸಾಯುವುದು ಆಗಲೇ. ಅದಕ್ಕೇ 7ರಿಂದ 10 ದಿನಕ್ಕೊಮ್ಮೆ, ಮೂರು ಸಲ. ಕೊಂಬೆಗೆ ಎರಡೂ ಬದಿ ಅಂಟಿರುವ ಟೇಪು ಸುತ್ತಿದರೆ ಮರಿಗಳು ಹಳದಿ ಚುಕ್ಕೆಗಳಾಗಿ ಸಿಕ್ಕಿಬೀಳುತ್ತವೆ. ಸಿಂಪಡಿಸುವ ಹೊತ್ತು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ಬೇರಿಲ್ಲ.

ಗುಲಗಂಜಿ ಹುಳ (ಲೇಡಿಬಗ್) ಕಂಡರೆ ಆ ಕೊಂಬೆಗೆ ಮದ್ದು ಬೇಡ. ಅದಕ್ಕೆ ಶಲ್ಕ ಕೀಟವೇ ಊಟ. ಇರುವೆಗಳು ಅಂಟಿನಾಸೆಗೆ ಈ ಹುಳವನ್ನು ಓಡಿಸುವುದರಿಂದ ಅವು ಹತ್ತುವ ದಾರಿ ತಪ್ಪಿಸಿ: ಗೋಡೆಗೆ ತಾಗಿದ ಟೊಂಗೆ ಸವರಿ, ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟಿಗೆಯ ಮೇಲಿಡಿ. ಕರಿಬೇವಿಗೆ ನಾನು ಬ್ರಷ್, ಸೋಪುನೀರಿನಾಚೆ ಏನನ್ನೂ ಒಪ್ಪುವುದಿಲ್ಲ. ಅಂಗಡಿಯವರು ಕೊಡುವ ಅಂತರ್ವ್ಯಾಪಿ ಕೀಟನಾಶಕ ಸೊಪ್ಪಿನೊಳಗೇ ಸೇರುತ್ತದೆ.

ಸತ್ತ ಚಿಪ್ಪುಗಳೂ ವಾರಗಟ್ಟಲೆ ಅಂಟಿಕೊಂಡೇ ಇರುತ್ತವೆ. ಉಗುರಿನಿಂದ ಒತ್ತಿ ನೋಡಿ: ಒಣಪುಡಿ ಉದುರಿದರೆ ಸತ್ತಿದೆ, ರಸ ಒಸರಿದರೆ ಇನ್ನೊಂದು ಸುತ್ತು ಸಿಂಪಡಿಸಿ.